ಮೂರನೇ ಗೇಟು, ಸೊಹಾರ್

ಇಲ್ಲಿ ಎಲ್ಲರೂ ನನ್ನನ್ನು ಉಸ್ತಾದ್ ಎನ್ನುತ್ತಾರೆ.
ಅಲ್ಲಿಯೂ ಎನ್ನುತ್ತಿದ್ದರು; ಆಗ ಆ ಪದ ಬಂದರೆ
ಹುಡುಗರ ಹೊಟ್ಟೆಯೊಳಗಿನ ನೀರು ಅಲುಗುತ್ತಿತ್ತು.
ಇಲ್ಲಿ ಟೈರಿಗೆ ತೇಪೆ ಹಾಕುವವನೂ ಉಸ್ತಾದ್,
ಶಾಲೆಯ ಮೇಷ್ಟ್ರೂ ಉಸ್ತಾದ್,
ಅಲ್ಯೂಮಿನಿಯಂ ಕಾರ್ಖಾನೆಯ ಮೂರನೇ ಗೇಟಿನಲ್ಲಿ
ರಾತ್ರಿಪಾಳಿ ಕೂರುವ ನಾನೂ.

ದನಿ ಹೋಗಿದೆ.
ಹತ್ತೊಂಬತ್ತು ವರ್ಷ ಮೈದಾನದ ಆ ತುದಿಗೆ
ಸಾವಧಾನ್ ಎಂದು ಎಸೆದ ಗಂಟಲು
ಈಗ ನೆಲದ ಮೇಲೆ ಗೋಣಿಚೀಲ ಎಳೆದ ಹಾಗೆ.
ಮಲಯಾಳಿ ಡಾಕ್ಟರು ಸಣ್ಣ ಕನ್ನಡಿ ಇಳಿಬಿಟ್ಟು ನೋಡಿ
"ಏನು ಕೆಲಸ ಮಾಡ್ತಿದ್ರಿ, ಹಾಡೋದಾ?" ಎಂದರು.
ಹೌದೆಂದೆ. ಎರಡೇ ಪದದ ಹಾಡು.
ಏಕ್. ದೋ.

ಮುಖ ನೆನಪಿಡುವುದು ತಾಯಂದಿರ ಕೆಲಸ.
ನನಗೆ ಹಿಮ್ಮಡಿ ಸಾಕು.
ಕತ್ತಲಲ್ಲಿ ಬೆನ್ನು ಹಾಕಿ ನಿಂತು
ನಲವತ್ತು ಜೋಡಿ ಬೂಟಿನ ನಡುವೆ
ಯಾರ ಎಡಗಾಲು ಅರೆಗಳಿಗೆ ತಡವೆಂದು
ಹೆಸರು ಹಿಡಿದು ಕೂಗುತ್ತಿದ್ದೆ.

ಯಮನಪ್ಪ ಕಟಗೇರಿಯ ಕಾಲು ಎಂದೂ ತಡವಾಗಲಿಲ್ಲ.
ಕಳುವಾದೀತೆಂದು ಬೂಟನ್ನು ತಲೆದಿಂಬಿನಡಿ ಇಟ್ಟು ಮಲಗುವ ಹುಡುಗ.
ತೇರ್ಗಡೆಯ ದಿನ ಮೊದಲ ಸಾಲಿನ ಬಲತುದಿ ಅವನದು.
ಹದಿನಾಲ್ಕು ತಿಂಗಳಿಗೆ, ಅವನೂರಿನ ಕಬ್ಬಿನ ಹೊಲದ ಬದಿಯಲ್ಲಿ,
ಸಲಾಮಿಯ ಮೂರು ಸುತ್ತು ಗುಂಡು.
ಎರಡನೆಯದರಲ್ಲಿ ಒಂದು ಬಂದೂಕು ಹಿಂದೆ ಬಿತ್ತು.
ಅವನ ಅವ್ವ ಕುಸಿಯುತ್ತಿದ್ದಳು,
ನಾನು ಆ ಬಂದೂಕು ಯಾರದೆಂದು ಹುಡುಕುತ್ತಿದ್ದೆ.
ಇದನ್ನು ಹೆಂಡತಿಗೂ ಹೇಳಿಲ್ಲ.

ನಿನ್ನೆ ರಾತ್ರಿ, ಮೂರು ಗಂಟೆಯ ಮೇಲೆ,
ಬಂದರಿನ ಕಡೆಯಿಂದ ಒಂದು ಟ್ರೇಲರ್.
ಗಾಜಿನ ತುಂಬ ಸಮುದ್ರದ ಬೆವರು.
ಚಾಲಕ ಇಳಿದ. ಇಳಿದು ನಡೆದ.
ರಿಜಿಸ್ಟರಿನಿಂದ ನಾನು ತಲೆ ಎತ್ತಬೇಕಾಗಲಿಲ್ಲ:
ಎಡಪಾದ ಹೊರಗೆ ಹೊರಳಿ
ಹಿಮ್ಮಡಿ ಮೊದಲು ಒರಸಿ, ಆಮೇಲೆ ಊರುವ ಸದ್ದು.
ತೊಂಬತ್ತೆಂಟರ ಬ್ಯಾಚು. ಆರನೇ ವಾರ.
ಆ ಪಾದಕ್ಕೆ ಇಟ್ಟಿಗೆ ಕಟ್ಟಿಸಿದ್ದೆ, ಗೋಡೆಗೆ ಒತ್ತಿಸಿದ್ದೆ,
ಬಿಸಿಲಲ್ಲಿ ಒಂಟಿಯಾಗಿ ಮೈದಾನ ಸುತ್ತಿಸಿದ್ದೆ,
ಕೊನೆಗೆ ಒಂದು ಸಾಲು ಬರೆದು ಮನೆಗೆ ಕಳಿಸಿದ್ದೆ:
ದಾವಲಸಾಬ ನದಾಫ, ಅನ್‌ಫಿಟ್.

ಟ್ರಂಕು ಹೊತ್ತು ಹೊರಡುವಾಗ ಅವನು ಕೇಳಿದ್ದು ಇಷ್ಟೇ:
"ಉಸ್ತಾದ, ಊರಾಗ ಬ್ಯಾಂಡ್ ಬಾರಿಸಿ ಕಳ್ಸ್ಯಾರ್ರಿ.
ಹೆಂಗ ಹೋಗ್ಲಿ?"
ಸಾವಧಾನ್ ಎಂದೆ. ನಿಂತ.
ಪೀಛೇ ಮುಡ್ ಎಂದೆ. ತಿರುಗಿದ.
ಅದೊಂದು ಸಲ ಸರಿಯಾಗಿ ತಿರುಗಿದ.

ಈಗ ಹೊಟ್ಟೆ ಬಂದಿದೆ, ಗಡ್ಡಕ್ಕೆ ಮೆಹಂದಿ.
ಪಾಸು ತೋರಿಸಲು ತೆಗೆದ ಫೋನಿನ ಪರದೆಯಲ್ಲಿ
ಮೂವರು ಹೆಣ್ಣುಮಕ್ಕಳು; ನಡುವಿನವಳು ಕಣ್ಣು ಮುಚ್ಚಿದ್ದಾಳೆ.
ನನ್ನನ್ನು ನೋಡಿದ. ನೋಡಿದ್ದು ಜೇಬಿನ ಮೇಲಿನ
ಕಂಪನಿಯ ಹೆಸರನ್ನು.
"ಭಾಯ್, ಜಲ್ದಿ" ಎಂದ.

ಒಂದು ಪದ ಸಾಕಿತ್ತು. ಗಂಟಲಲ್ಲಿ ಗೋಣಿ ಎಳೆದಾಡಿತು.
ಆ ದನಿಯಿಂದ ಅವನಿಗೆ ಗುರುತು ಹತ್ತುತ್ತಿರಲಿಲ್ಲ;
ಹತ್ತಿದ್ದರೂ ಏನು ಹೇಳುವುದಿತ್ತು?
ನೀನು ಬದುಕಿದ್ದೀಯಲ್ಲ, ಅದು ನನ್ನ ಉಪಕಾರ ಎಂದೇ?
ಯಮನಪ್ಪನನ್ನು ತೇರ್ಗಡೆ ಮಾಡಿದ್ದೂ ಇದೇ ಕೈ.
ಲೆಕ್ಕ ಹಾಗೆ ಕೂಡುವುದಿಲ್ಲ.
ಕೂಡಿಸಿ ನೋಡಿದ್ದೇನೆ, ಈ ಕುರ್ಚಿಯಲ್ಲೇ, ಬಹಳ ರಾತ್ರಿ.

ರಿಜಿಸ್ಟರಿನಲ್ಲಿ ಅವನ ಹೆಸರು ಬರೆದೆ,
ನನ್ನ ಕೈಬರಹದಲ್ಲಿ ಎರಡನೇ ಸಲ.
ನದಾಫ, ದಾವಲಸಾಬ. ಮೂರು ಹನ್ನೆರಡು. ಒಳಕ್ಕೆ.

ಅಡ್ಡಗೋಲು ಎತ್ತಿದೆ.
ಅವನು ಟ್ರೇಲರ್ ಹತ್ತುವವರೆಗೆ ಎಣಿಸಿದೆ:
ಎಂಟು ಹೆಜ್ಜೆ, ಎಂಟೂ ತಪ್ಪು.
ಕುರ್ಚಿ ಬಿಟ್ಟು ಹಿಮ್ಮಡಿ ಕೂಡಿಸಿ ನಿಂತಿದ್ದೆ.
ಯಾಕೆ ಎದ್ದಿರಿ ಎಂದು ಪಕ್ಕದ ನೇಪಾಳಿ ಹುಡುಗ ಕೇಳಿದ.
ಮೊಣಕಾಲು ಹಿಡಿದಿದೆ ಎಂದೆ.
ಅವನಿಗೆ ಕೇಳಿಸಲಿಲ್ಲ.
ಇನ್ನೊಮ್ಮೆ ಹೇಳಿದೆ.